ಡೆಕ್ಕನ್ ಹೋಯ್ತು, ರೆಡ್ ಬಂತು: ವಿಮಾನ ಕಂಪನಿ ಕೈ ಬದಲಾದಾಗ ಏನಾಗುತ್ತದೆ

ಕಾರವಾರದಲ್ಲಿ ಕೂತು ವಿಮಾನದ ಟಿಕೆಟ್ ಮಾರುವುದು ಒಂಥರಾ ವಿಚಿತ್ರ ಕಸುಬು. ನಮ್ಮ ಜಿಲ್ಲೆಯಿಂದ ಒಂದೇ ಒಂದು ಪ್ರಯಾಣಿಕರ ವಿಮಾನವೂ ಹಾರುವುದಿಲ್ಲ. ಕಾರವಾರ, ಸದಾಶಿವಗಡದವರು ಗೋವಾಕ್ಕೆ ಹೋಗುತ್ತಾರೆ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಹೊನ್ನಾವರ, ಭಟ್ಕಳದವರಿಗೆ ಮಂಗಳೂರು. ಅಂಕೋಲಾ ಹತ್ತಿರ ಅಲಗೇರಿಯಲ್ಲಿ ನೌಕಾಪಡೆಯ ನಿಲ್ದಾಣದ ಜೊತೆ ನಮಗೂ ಒಂದು ಟರ್ಮಿನಲ್ ಬರುತ್ತದೆ ಅಂತ ಕೇಳುತ್ತಲೇ ಇದ್ದೇವೆ. ಬರಲಿ. ಅಲ್ಲಿವರೆಗೆ ನಮ್ಮದು ಮೂರು ದಿಕ್ಕಿನ ವ್ಯವಹಾರ. ಹಾಗಾಗಿ ಒಂದು ವಿಮಾನ ಕಂಪನಿ ಇನ್ನೊಂದರಲ್ಲಿ ಸೇರಿಹೋದರೆ ಮೂರೂ ಕಡೆಯ ಗಿರಾಕಿಗಳಿಂದ ಫೋನು.

2024ರ ನವೆಂಬರ್‌ನಲ್ಲಿ ಹಾಗೇ ಆಯಿತು. 'ತಮಾ, ನಾ ತೆಗೆಸಿದ್ದು ವಿಸ್ತಾರಾ ಟಿಕೆಟ್. ಈಗ ಮೆಸೇಜಲ್ಲಿ ಏರ್ ಇಂಡಿಯಾ ಅಂತ ಬಂದದೆ. ದುಡ್ಡು ಹೋಯ್ತಾ ಹೆಂಗೆ?' ಅಂತ ಗೋಕರ್ಣದ ಹಿರಿಯರೊಬ್ಬರು ಕೇಳಿದರು. ದುಡ್ಡು ಹೋಗಿರಲಿಲ್ಲ. ನವೆಂಬರ್ 12ಕ್ಕೆ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿತು. ಅದರ ಎರಡಕ್ಷರದ ಕೋಡ್ ಯುಕೆ ಹೋಗಿ ಎಐ ಆಯಿತು. ಹಳೆ ನಂಬರಿನ ಶುರುವಿಗೆ ಒಂದು 2 ಸೇರಿತು. ಯುಕೆ 955 ಇದ್ದದ್ದು ಎಐ 2955. ವಿಮಾನ ಅದೇ, ಹೊತ್ತು ಅದೇ, ಒಳಗಿನ ಸಿಬ್ಬಂದಿಯೂ ಅವರೇ. ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿದಾಗ ನಮ್ಮ ಕರಾವಳಿಯವರು ಪಾಸ್‌ಬುಕ್ ಹಿಡಿದುಕೊಂಡು ಓಡಾಡಿದ್ದು ನೆನಪಿದೆ ಅಲ್ವಾ? ಐಎಫ್‌ಎಸ್‌ಸಿ ಬದಲಾಯಿತು, ಖಾತೆಯ ದುಡ್ಡು ಹಾಗೇ ಇತ್ತು. ಗೋಕರ್ಣದ ಹಿರಿಯರಿಗೂ ಹಾಗೇ ಹೇಳಿ ಕಳಿಸಿದೆ.

ಆದರೆ ಕಂಪನಿಗಳು ಯಾಕೆ ಹೀಗೆ ಸೇರುತ್ತವೆ? ಗಿರಾಕಿಗಳು ಜಾಸ್ತಿ ಆಗಲಿ ಅಂತ, ಖರ್ಚು ಉಳಿಯಲಿ ಅಂತ, ಹೀಗೆ ಪೇಪರಿನವರು ಬರೆಯುತ್ತಾರೆ. ಅದೂ ನಿಜ. ಆದರೆ ಇಷ್ಟು ವರ್ಷ ಈ ಕೌಂಟರಿನ ಹಿಂದೆ ಕೂತು ನೋಡಿದವನಿಗೆ ಕಾಣುವುದು ಬೇರೆ. ಕೊಳ್ಳುವವರು ಹೆಸರನ್ನು ಕೊಳ್ಳುವುದಿಲ್ಲ, ಪರ್ಮಿಶನ್ ಕೊಳ್ಳುತ್ತಾರೆ. ಇದಕ್ಕೆ ನಮ್ಮ ಕರ್ನಾಟಕದ್ದೇ ಏರ್ ಡೆಕ್ಕನ್‌ಗಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ.

ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನವರು. ಸೈನ್ಯದಲ್ಲಿದ್ದರು, ಬಿಟ್ಟು ಬಂದು ಕೃಷಿ ಮಾಡಿದರು, ಆಮೇಲೆ ಹೆಲಿಕಾಪ್ಟರ್ ಬಾಡಿಗೆ ಕಂಪನಿ ನಡೆಸಿದರು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಕೋಡ್ ಡಿಎನ್. ವಿಮಾನಗಳು ಎಟಿಆರ್ 42, ಎರಡು ಫ್ಯಾನು, 48 ಸೀಟು. ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಿಗೆ ಮೊದಮೊದಲೇ ಹಾರಿದವರು ಇವರು. ಆಗ ಹುಬ್ಬಳ್ಳಿಯ ರನ್‌ವೇ ಚಿಕ್ಕದು, ದೊಡ್ಡ ಜೆಟ್ ಇಳಿಯುವ ಹಾಗೇ ಇರಲಿಲ್ಲ. ಎಟಿಆರ್‌ಗೆ ಅಷ್ಟು ಸಾಕಿತ್ತು.

ನಮ್ಮ ಕಸುಬನ್ನು ತಲೆಕೆಳಗೆ ಮಾಡಿದ್ದೂ ಅದೇ ಡೆಕ್ಕನ್. ಅದಕ್ಕೆ ಮೊದಲು ವಿಮಾನದ ಟಿಕೆಟ್ ಅಂದರೆ ಚೆಕ್‌ಬುಕ್ಕಿನಷ್ಟು ಉದ್ದದ ಒಂದು ಪುಸ್ತಕ. ಹಾಳೆಯ ಹಿಂದೆ ಕೆಂಪು ಕಾರ್ಬನ್. ಬೆರಳಿಗೆಲ್ಲ ಕೆಂಪು ಹತ್ತುತ್ತಿತ್ತು, ಅಂಗಿಗೆ ಹತ್ತಿದರೆ ಹೋಗುತ್ತಿರಲಿಲ್ಲ. ಅದನ್ನು ಜನ ಮದುವೆ ಕಾಗದದ ಜೊತೆ ಜೋಪಾನ ಮಾಡಿ ಇಡುತ್ತಿದ್ದರು. ಡೆಕ್ಕನ್ ಬಂದಮೇಲೆ ನಾವು ಕೈಗೆ ಕೊಟ್ಟದ್ದು ಪ್ರಿಂಟರಿನಿಂದ ಬಂದ ಎ4 ಹಾಳೆ. 'ಇದು ಟಿಕೆಟಾ ಮಾರಾಯ್ರೇ? ಝೆರಾಕ್ಸ್ ಕೊಟ್ಟೀರಲ್ಲ' ಅಂತ ಹಿಂದೆಮುಂದೆ ತಿರುಗಿಸಿ ನೋಡುತ್ತಿದ್ದರು. ಸೀಟ್ ನಂಬರ್ ಇಲ್ಲ. ಹತ್ತಿದವರು ಕಿಟಕಿಗೆ ಓಡಬೇಕು. ಕುಡಿಯುವ ನೀರಿಗೂ ದುಡ್ಡು. ಒಂದು ರೂಪಾಯಿ ದರದ ಟಿಕೆಟ್ ಅಂತ ಜಾಹೀರಾತು ಬಂದಾಗಂತೂ ನಮ್ಮ ಫೋನಿಗೆ ಪುರುಸೊತ್ತಿರಲಿಲ್ಲ. ತೆರಿಗೆ, ಫೀಸು ಬೇರೆ ಕೊಡಬೇಕು ಅಂತ ಹೇಳಿ ಹೇಳಿ ಸಾಕಾಗುತ್ತಿತ್ತು. ಉಳಿದ ಕಂಪನಿಗಳು ಕಾಗದದ ಟಿಕೆಟ್ ಪೂರ್ತಿ ಬಿಟ್ಟಿದ್ದು 2008ರ ಜೂನ್‌ನಿಂದ.

ಆದರೆ ಇಷ್ಟು ಅಗ್ಗದ ದರದಲ್ಲಿ ಲಾಭ ಬರಲಿಲ್ಲ. ಓಡಿಸಬೇಕಾದ್ದು ವಿಮಾನದ ಎಣ್ಣೆಯಲ್ಲಿ. ಅದರ ಮೇಲೆ ರಾಜ್ಯಕ್ಕೊಂದು ತೆರಿಗೆ. ಕಂಪನಿ ನಷ್ಟದಲ್ಲಿ ಸಿಕ್ಕಿಬಿತ್ತು. 2007ರ ನಡುವಲ್ಲಿ ಕಿಂಗ್‌ಫಿಷರ್ ವಿಮಾನ ಕಂಪನಿ ನಡೆಸುತ್ತಿದ್ದ ವಿಜಯ್ ಮಲ್ಯ ಅವರ ಗುಂಪು ಸುಮಾರು 550 ಕೋಟಿ ರೂಪಾಯಿ ಕೊಟ್ಟು ಶೇಕಡಾ 26 ಪಾಲು ತೆಗೆದುಕೊಂಡಿತು.

ನಷ್ಟದಲ್ಲಿದ್ದ ಕಂಪನಿಯನ್ನು ಯಾಕೆ ತೆಗೆದುಕೊಂಡರು ಅಂತ ಆಗ ಎಲ್ಲರೂ ಕೇಳಿದವರೇ. ಉತ್ತರ ಒಂದು ಸರ್ಕಾರಿ ನಿಯಮದಲ್ಲಿತ್ತು. ಭಾರತದ ಕಂಪನಿ ಹೊರದೇಶಕ್ಕೆ ಹಾರಬೇಕಾದರೆ ಒಳನಾಡಿನಲ್ಲಿ ಐದು ವರ್ಷ ಹಾರಿರಬೇಕು, ಕೈಯಲ್ಲಿ 20 ವಿಮಾನ ಇರಬೇಕು. ಕಿಂಗ್‌ಫಿಷರ್ ಶುರುವಾಗಿದ್ದು 2005ರ ಮೇ ತಿಂಗಳಲ್ಲಿ. ಅವರದ್ದೇ ಲೆಕ್ಕದಲ್ಲಿ ಕಾದಿದ್ದರೆ 2010 ಆಗುತ್ತಿತ್ತು. ಡೆಕ್ಕನ್ 2003ರ ಆಗಸ್ಟಿನದು, ಅದಕ್ಕೆ ಐದು ವರ್ಷ ತುಂಬುವುದು 2008ರ ಆಗಸ್ಟ್‌ಗೆ. ಈಗ ಮುಂದಿನ ತಾರೀಕು ನೋಡಿ. ಕಿಂಗ್‌ಫಿಷರ್‌ನ ಮೊದಲ ಬೆಂಗಳೂರು–ಲಂಡನ್ ವಿಮಾನ ಹಾರಿದ್ದು 2008ರ ಸೆಪ್ಟೆಂಬರ್ 3. ಐದು ವರ್ಷ ತುಂಬಿ ಹತ್ತಿಪ್ಪತ್ತು ದಿನವೂ ಆಗಿರಲಿಲ್ಲ.

ಕಾಗದ ನೋಡಿದರೆ ಇನ್ನೂ ತಮಾಷೆ. ಡೆಕ್ಕನ್ನನ್ನು ಕಿಂಗ್‌ಫಿಷರ್ ನುಂಗಿತು ಅಂತ ನಾವೆಲ್ಲ ಹೇಳುತ್ತೇವೆ. ಕಾನೂನಿನ ಲೆಕ್ಕದಲ್ಲಿ ಆಗಿದ್ದು ಉಲ್ಟಾ. ಕಿಂಗ್‌ಫಿಷರ್‌ನ ವಿಮಾನ ವ್ಯವಹಾರವನ್ನು ತಂದು ಡೆಕ್ಕನ್ ಏವಿಯೇಷನ್ ಅನ್ನುವ ಕಂಪನಿಗೆ ಸೇರಿಸಿದರು. ಆಮೇಲೆ ಆ ಡೆಕ್ಕನ್ ಏವಿಯೇಷನ್ ಹೆಸರನ್ನೇ ಕಿಂಗ್‌ಫಿಷರ್ ಏರ್‌ಲೈನ್ಸ್ ಅಂತ ಬದಲಿಸಿದರು. ಯಾಕೆಂದರೆ ಐದು ವರ್ಷದ ವಯಸ್ಸು ಇದ್ದದ್ದು ಡೆಕ್ಕನ್‌ಗೆ, ಷೇರುಪೇಟೆಯಲ್ಲಿ ಹೆಸರಿದ್ದದ್ದೂ ಡೆಕ್ಕನ್‌ಗೆ. ಹೊರಗೆ ಬೋರ್ಡು ಗೆದ್ದವರದು, ಒಳಗಿನ ಕಡತ ಸೋತವರದು.

ಬೋರ್ಡಿನ ಮೇಲೆ ಬಂದದ್ದು ಮೂರು ಹೆಸರು. ಮೊದಲು ಏರ್ ಡೆಕ್ಕನ್. 2007ರ ಅಕ್ಟೋಬರ್‌ನಿಂದ ಸಿಂಪ್ಲಿಫ್ಲೈ ಡೆಕ್ಕನ್, ನೀಲಿ–ಹಳದಿ ಹೋಗಿ ಕೆಂಪು–ಬಿಳಿ, ಮೈಮೇಲೆ ಕಿಂಗ್‌ಫಿಷರ್ ಹಕ್ಕಿ. 2008ರ ಆಗಸ್ಟ್ ಕೊನೆಗೆ ಕಿಂಗ್‌ಫಿಷರ್ ರೆಡ್, ಕೋಡ್ ಡಿಎನ್ ಹೋಗಿ ಐಟಿ. ಒಂದು ವರ್ಷದೊಳಗೆ ಇಷ್ಟು ಹೆಸರು ಕೇಳಿದ ಗಿರಾಕಿ ಏನು ಮಾಡಬೇಕು? ನನ್ನ ಪ್ರಕಾರ ರೆಡ್ ಅನ್ನುವ ಹೆಸರಿನಲ್ಲೇ ಗೊಂದಲ ಇತ್ತು. ಹೆಸರು ಕೇಳಿದವರು ಕಿಂಗ್‌ಫಿಷರಿನ ಊಟ, ಉಪಚಾರ ಸಿಗುತ್ತದೆ ಅಂದುಕೊಳ್ಳುತ್ತಿದ್ದರು. ದರ ಕೇಳಿದವರು ಡೆಕ್ಕನ್ ಲೆಕ್ಕ ಹಾಕುತ್ತಿದ್ದರು. ಎರಡೂ ಸಿಗುತ್ತಿರಲಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ರೆಡ್ ನಿಲ್ಲಿಸುತ್ತೇವೆ ಅಂತ ಪ್ರಕಟಿಸಿದರು. ಮರುವರ್ಷ ಅಕ್ಟೋಬರ್‌ನಲ್ಲಿ ಇಡೀ ಕಿಂಗ್‌ಫಿಷರ್ ನಿಂತು, ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿ ಡಿಜಿಸಿಎ ಲೈಸೆನ್ಸ್ ಅಮಾನತು ಮಾಡಿತು. ಲಂಡನ್ ಆಸೆಗೆ ತಂದ ಪರ್ಮಿಶನ್ನೂ ಹೋಯಿತು, ಹುಬ್ಬಳ್ಳಿಗೆ ಹಾರುತ್ತಿದ್ದ ಎಟಿಆರ್ ಕೂಡ ಹೋಯಿತು.

ಗೋಪಿನಾಥ್ ಅವರು 2017ರ ಕೊನೆಗೆ ಏರ್ ಡೆಕ್ಕನ್ ಹೆಸರಿನಲ್ಲೇ ಚಿಕ್ಕ ವಿಮಾನ ಇಟ್ಟುಕೊಂಡು ಮತ್ತೆ ಬಂದರು. ಕೊರೊನಾ ಹೊತ್ತಿಗೆ ಅದೂ ನಿಂತಿತು.

ಆ ಐದು ವರ್ಷದ ನಿಯಮವನ್ನು 2016ರಲ್ಲಿ ತೆಗೆದುಹಾಕಿದರು. 20 ವಿಮಾನದ ಲೆಕ್ಕ ಮಾತ್ರ ಉಳಿಯಿತು. ಮೊದಲೇ ತೆಗೆದಿದ್ದರೆ ಅಂತ ಈಗ ಹೇಳಿ ಪ್ರಯೋಜನವಿಲ್ಲ, ಅಷ್ಟರಲ್ಲಿ ಡೆಕ್ಕನ್ನಿನ ಕಥೆ ಮುಗಿದಿತ್ತು.

ಸಹಾರಾದ್ದು ಇನ್ನೂ ಚಿಕ್ಕ ಕಥೆ. 2007ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ 1450 ಕೋಟಿಗೆ ಏರ್ ಸಹಾರಾ ತೆಗೆದುಕೊಂಡು ಜೆಟ್‌ಲೈಟ್ ಅಂತ ಹೆಸರಿಟ್ಟಿತು. ಮುಂದೆ ಜೆಟ್‌ಕನೆಕ್ಟ್ ಅಂದರು. 2019ರ ಏಪ್ರಿಲ್ 17ಕ್ಕೆ ಎಲ್ಲಾ ಬಂದ್.

ಸಣ್ಣ ಊರಿಗೆ ಎಟಿಆರ್ ಯಾಕೆ ಬರುತ್ತದೆ ಅನ್ನುವುದಕ್ಕೂ ಉತ್ತರ ನಿಯಮದಲ್ಲೇ ಇದೆ. 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ನಮ್ಮಲ್ಲಿ ಇಳಿಯುವ ಶುಲ್ಕದಲ್ಲಿ ವಿನಾಯಿತಿ ಕೊಟ್ಟಿದ್ದಾರೆ. ಇಂಡಿಗೊ ಓಡಿಸುವ ಎಟಿಆರ್ 72ರಲ್ಲಿ 78 ಸೀಟು. ಗೆರೆಯ ಈಚೆಗೇ ಇದೆ ನೋಡಿ. ಸಣ್ಣ ಊರುಗಳಿಗೆ ವಿಮಾನ ತರುವ ಸರ್ಕಾರದ ಉಡಾನ್ ಯೋಜನೆಯ ಕೃಪೆ, 2018ರಿಂದ ಹುಬ್ಬಳ್ಳಿಯಲ್ಲಿ ಮತ್ತೆ ಜೀವ ಬಂತು. 2019ರ ಜನವರಿಯಲ್ಲಿ ಸ್ಟಾರ್ ಏರ್ ತನ್ನ 50 ಸೀಟಿನ ಎಂಬ್ರೇರ್ ವಿಮಾನವನ್ನು ಬೆಂಗಳೂರು–ಹುಬ್ಬಳ್ಳಿ ನಡುವೆಯೇ ಶುರು ಮಾಡಿತು. ಶಿರಸಿಯವರಿಗೆ ಈಗ ಬೆಳಿಗ್ಗೆ ಅಡಿಕೆ ಟೆಂಡರ್ ನೋಡಿಕೊಂಡು ಸಂಜೆ ಬೆಂಗಳೂರು ಸೇರುವುದು ದೊಡ್ಡ ಮಾತಲ್ಲ. ಘಟ್ಟದ ರಸ್ತೆ ಸರಿ ಇದ್ದರೆ.

ನಮ್ಮ ಕಡೆಗೆ ಇತ್ತೀಚೆಗೆ ಜಾಸ್ತಿ ತಟ್ಟಿದ್ದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸೇರ್ಪಡೆ. ಏರ್‌ಏಷ್ಯಾ ಇಂಡಿಯಾದ ಮೊಟ್ಟಮೊದಲ ವಿಮಾನ 2014ರ ಜೂನ್ 12ರಂದು ಹಾರಿದ್ದು ಬೆಂಗಳೂರಿಂದ ಗೋವಾಕ್ಕೆ. ಕಾರವಾರದವರಿಗೆ ಗುರ್ತಿನ ಹೆಸರು. ಅದರಲ್ಲಿದ್ದ ಮಲೇಷ್ಯಾ ಕಂಪನಿಯ ಪಾಲನ್ನು ಟಾಟಾದವರು ಪೂರ್ತಿ ತೆಗೆದುಕೊಂಡ ಮೇಲೆ ಏರ್‌ಏಷ್ಯಾ ಅನ್ನುವ ಹೆಸರು ಇಟ್ಟುಕೊಳ್ಳುವ ಹಾಗಿರಲಿಲ್ಲ. ಕಂಪನಿ ಎಐಎಕ್ಸ್ ಕನೆಕ್ಟ್ ಆಯಿತು, 2024ರ ಅಕ್ಟೋಬರ್ 1ಕ್ಕೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿತು. ಐ5 ಅನ್ನುವ ಕೋಡ್ ಹೋಗಿ ಐಎಕ್ಸ್ ಉಳಿಯಿತು.

ಇಲ್ಲಿ ಭಟ್ಕಳದವರಿಗೆ ಒಂದು ಮಾತು. ನಿಮಗೆ ಐಎಕ್ಸ್ ಅಂದರೆ ಮಂಗಳೂರು–ದುಬೈ. 2005ರಲ್ಲಿ ಎಕ್ಸ್‌ಪ್ರೆಸ್ ಶುರುವಾಗಿದ್ದೇ ಗಲ್ಫಿಗೆ ದುಡಿಯಲು ಹೋಗುವವರಿಗೆ. ಈಗ ಅದೇ ಕೋಡಿನಲ್ಲಿ ಊರೊಳಗಿನ ವಿಮಾನಗಳೂ ಇವೆ. ಒಂದೇ ಟಿಕೆಟಿನಲ್ಲಿ ಮುಂದಿನ ಊರಿಗೂ ಬುಕ್ ಮಾಡಬಹುದು. ಆದರೆ ಸಾಮಾನು ಸಾಮಾನ್ಯವಾಗಿ ಭಾರತದಲ್ಲಿ ಮೊದಲು ಇಳಿದಲ್ಲೇ ಬಿಡಿಸಿಕೊಂಡು ಕಸ್ಟಮ್ಸ್ ದಾಟಿಸಬೇಕು. ನಡುವೆ ಒಂದು ಗಂಟೆ ಇಟ್ಟುಕೊಂಡು ಬುಕ್ ಮಾಡಿ ಅಂತ ಹಟ ಮಾಡಬೇಡಿ.

ಇನ್ನೊಂದು, ಟಿಕೆಟಿನ ಮೇಲೆ ಎಐ ಅಂತ ಇದ್ದರೂ ಹಾರುವುದು ಎಕ್ಸ್‌ಪ್ರೆಸ್ ವಿಮಾನ ಇರಬಹುದು. ವಿಮಾನದ ನಂಬರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಆಪರೇಟೆಡ್ ಬೈ' ಅಂತ ಇರುತ್ತದೆ. ಕೌಂಟರಿಗೆ ಹೋಗಬೇಕಾದ್ದು ಅಲ್ಲಿ ಹೆಸರಿರುವ ಕಂಪನಿಯದ್ದಕ್ಕೆ. ಲಗೇಜಿನ ಕಿಲೋ ಲೆಕ್ಕವನ್ನೂ ಅದೇ ಹಾಳೆಯಲ್ಲಿ ನೋಡಿ, ಹಿಂದಿನ ಸಲ ಬಿಟ್ಟರು ಅಂತ ಈ ಸಲವೂ ಬಿಡುವುದಿಲ್ಲ.

ಕೊನೆಗೆ ಎಲ್‌ಟಿಸಿ, ಅಂದರೆ ಸರ್ಕಾರಿ ನೌಕರರಿಗೆ ರಜೆಯ ಪ್ರಯಾಣಕ್ಕೆ ಸಿಗುವ ಖರ್ಚಿನ ಸಂಗತಿ, ಕಾರವಾರದಲ್ಲಿ ಇದು ದೊಡ್ಡ ಸಂಗತಿಯೇ. ಕೇಂದ್ರ ಸರ್ಕಾರದ ಸಂಬಳದವರು ಇಲ್ಲಿ ಬಹಳ. ಅವರ ಎಲ್‌ಟಿಸಿ ಟಿಕೆಟ್ ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರು ಸರ್ಕಾರಿ ಏಜೆನ್ಸಿಗಳ ಮೂಲಕವೇ ಆಗಬೇಕು, ನಮ್ಮಂಥವರು ಮಾಡುವ ಹಾಗಿಲ್ಲ. ಆದರೂ ಗೊಂದಲ ಆದಾಗ ಸುಮ್ನೆ ಕೇಳೋಣ ಅಂತ ನಮ್ಮಲ್ಲಿಗೇ ಬರುತ್ತಾರೆ. ಮೊದಲು ಇವರೆಲ್ಲ ಏರ್ ಇಂಡಿಯಾದಲ್ಲೇ ಹೋಗಬೇಕಿತ್ತು. 2022ರ ಜನವರಿಯಲ್ಲಿ ಅದು ಟಾಟಾ ಕೈಗೆ ಹೋದಮೇಲೆ ಆ ಕಟ್ಟು ಸಡಿಲವಾಯಿತು.

ವಿಸ್ತಾರಾ ಸೇರ್ಪಡೆ ಹೊತ್ತಿಗೆ ಒಬ್ಬರು ಎರಡು ಕಾಗದ ಹಿಡಿದು ಬಂದರು. ಆಗಸ್ಟ್‌ನಲ್ಲಿ ತೆಗೆಸಿದ ಟಿಕೆಟಿನಲ್ಲಿ ಯುಕೆ, ನಂಬರ್ 228ರಿಂದ ಶುರು. ಡಿಸೆಂಬರ್‌ನ ಬೋರ್ಡಿಂಗ್ ಪಾಸಿನಲ್ಲಿ ಎಐ. ಅವರ ಕಚೇರಿಯ ಲೆಕ್ಕಪತ್ರ ವಿಭಾಗ 'ಟಿಕೆಟ್ ಒಂದು ಕಂಪನಿಯದು, ಪ್ರಯಾಣ ಇನ್ನೊಂದರದು' ಅಂತ ಬಿಲ್ ವಾಪಸ್ ಕಳಿಸಿತ್ತು. ಕಚೇರಿ ಯಾವುದು ಅಂತ ಬೇಡ ಬಿಡಿ. ಟಿಕೆಟ್ ನಂಬರಿನ ಮೊದಲ ಮೂರು ಅಂಕಿ ಕಂಪನಿಯ ಗುರುತು. ವಿಸ್ತಾರಾಕ್ಕೆ 228, ಏರ್ ಇಂಡಿಯಾಕ್ಕೆ 098. ಇದನ್ನು ಕಚೇರಿಯವರಿಗೆ ಬಾಯಲ್ಲಿ ಹೇಳಿದರೆ ಕೇಳುವುದಿಲ್ಲ. ಬದಲಾವಣೆ ತಿಳಿಸಿ ಕಂಪನಿ ಕಳಿಸಿದ್ದ ಮೇಲ್ ಅವರ ಫೋನಿನಲ್ಲೇ ಇತ್ತು, ಜಾಹೀರಾತು ಅಂದುಕೊಂಡು ತೆರೆದೇ ಇರಲಿಲ್ಲ. ಅದನ್ನು ಪ್ರಿಂಟ್ ತೆಗೆದು, ಹಳೆ ಟಿಕೆಟ್ ಮತ್ತು ಬೋರ್ಡಿಂಗ್ ಪಾಸಿನ ನಡುವೆ ಪಿನ್ ಹೊಡೆದು ಕೊಟ್ಟೆವು. ಬಿಲ್ ಪಾಸಾಯಿತು.