ಒಂದೇ ಪಟ್ಟಿಯ ಎರಡು ಕತ್ತಿ: ಒಂದು ಮುರಿದದ್ದು ಯಾಕೆ?

ಪ್ರಶ್ನೆ: ನಮ್ಮ ತೋಟ ಮೂಡಿಗೆರೆ ಹತ್ತಿರ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಎರಡು ಕತ್ತಿ ಮಾಡಿಸಿದೆ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಶುರುವಾದ ವಾರದಲ್ಲೇ ಒಂದು ಚಟ್ ಅಂತ ಮುರಿಯಿತು. ಇನ್ನೊಂದು ಗಟ್ಟಿಯಾಗಿದೆ. ಒಂದೇ ಪಟ್ಟಿ, ಒಂದೇ ಕುಲುಮೆ ಅಲ್ವಾ?

ಉತ್ತರ: ಮುರಿದ ತುಂಡನ್ನು ಎಸೆದಿಲ್ಲ ತಾನೆ? ಮುರಿದ ಜಾಗವನ್ನು ಬಿಸಿಲಿಗೆ ಹಿಡಿದು ನೋಡಿ. ಸಕ್ಕರೆ ಹರಳಿನ ಹಾಗೆ ಮಿನುಗುತ್ತಿದ್ದರೆ, ಕುಲುಮೆಯಲ್ಲಿ ಉಕ್ಕು ಜಾಸ್ತಿ ಕಾದಿದೆ ಎಂದೇ ಅನುಮಾನ ಪಡಬೇಕು. ಬೂದು ಬಣ್ಣಕ್ಕೆ ನುಣ್ಣಗಿದ್ದರೆ ಕಾಯಿಸಿದ್ದು ಸರಿಯಾಗಿದೆ, ತಪ್ಪು ಆಮೇಲೆ ಆಗಿರಬಹುದು.

ಉಕ್ಕು ಒಳಗೆಲ್ಲ ಪುಟ್ಟ ಪುಟ್ಟ ಹರಳು. ಸೀಳು ಒಂದು ಹರಳಿನಿಂದ ಇನ್ನೊಂದಕ್ಕೆ ದಾಟುವಾಗ ದಿಕ್ಕು ಬದಲಿಸಬೇಕು, ಅಲ್ಲಿ ಅದರ ಶಕ್ತಿ ಖರ್ಚಾಗುತ್ತದೆ. ಹರಳು ಸಣ್ಣದಿದ್ದಷ್ಟೂ ಇಂಥ ಅಡ್ಡಿ ಜಾಸ್ತಿ. ಅತಿಯಾಗಿ ಕಾಯಿಸಿದರೆ ಹರಳುಗಳು ಒಂದನ್ನೊಂದು ನುಂಗಿ ದಪ್ಪವಾಗುತ್ತವೆ, ಸೀಳಿಗೆ ದಾರಿ ಸಲೀಸಾಗುತ್ತದೆ. ಹರಳು ಸಣ್ಣದು ಮಾಡಿದರೆ ಬಲವೂ ಏರುತ್ತದೆ, ಮುರಿಯದ ಗುಣವೂ ಏರುತ್ತದೆ. ಉಕ್ಕಿನಲ್ಲಿ ಇವೆರಡೂ ಒಟ್ಟಿಗೆ ಸಿಗುವುದು ಅಪರೂಪ. ಅದಕ್ಕೇ ನಾನು ಮೊದಲು ಹರಳನ್ನೇ ನೋಡುವುದು.

ಎರಡನೆಯದು ಹದ. ಕೆಂಪಗೆ ಕಾದ ಉಕ್ಕನ್ನು ಫಟ್ಟನೆ ತಣಿಸಿದರೆ ಒಳಗಿನ ಇಂಗಾಲಕ್ಕೆ ಹೊರಬರಲು ಸಮಯ ಸಿಗುವುದಿಲ್ಲ. ಕಬ್ಬಿಣದ ಪರಮಾಣುಗಳ ನಡುವೆಯೇ ಸಿಕ್ಕಿಬಿದ್ದು ಅವನ್ನು ಬಿಗಿಯಾಗಿ ಎಳೆದಿಡುತ್ತದೆ. ಈ ರಚನೆಗೆ ಮಾರ್ಟೆನ್ಸೈಟ್ ಎನ್ನುತ್ತಾರೆ. ಬಲು ಗಡಸು, ಆದರೆ ಗಾಜಿನಂತೆ ಒಡೆಯುತ್ತದೆ. ಅದನ್ನು ಮತ್ತೆ ಮೆಲ್ಲಗೆ ಬಿಸಿ ಮಾಡಿದರೆ ಇಂಗಾಲ ನುಣ್ಣನೆ ಕಣಗಳಾಗಿ ಬಿಡಿಸಿಕೊಳ್ಳುತ್ತದೆ, ಬಿಗಿ ಇಳಿಯುತ್ತದೆ. ಗಡಸುತನ ಸ್ವಲ್ಪ ಹೋಗುತ್ತದೆ, ಹೋಗಲಿ. ಸಿಲ್ವರ್ ಓಕ್ ಕೊಂಬೆಗೆ ಬೀಸುವ ಕತ್ತಿಗೆ ತಾಳಿಕೆಯೇ ಮುಖ್ಯ. ತಣಿಸಿದ ತಕ್ಷಣ ಹಿಡಿ ಹಾಕಿ ಕೊಟ್ಟುಬಿಟ್ಟರೆ ಮುರಿಯುವುದು ಸಹಜ.

ಇನ್ನೊಂದು ಸಲ ಮಾಡಿಸುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಒಯ್ಯಿರಿ. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ತುಸು ಮೇಲೆ ಹೋದರೆ ಸಾಕು, ಕಿತ್ತಳೆ–ಹಳದಿ ಬಣ್ಣಕ್ಕೆ ಬರುವುದು ಬೇಡ. ಬಡಿದು ಮುಗಿದ ಮೇಲೆ ಅಷ್ಟೇ ಕಾಯಿಸಿ, ಸುಮ್ನೆ ಗಾಳಿಯಲ್ಲಿ ಆರಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ದಪ್ಪಗಾದ ಹರಳು ಮತ್ತೆ ಸಣ್ಣದಾಗುತ್ತದೆ. ನಂತರ ಮತ್ತೊಮ್ಮೆ ಅಷ್ಟೇ ಕಾಯಿಸಿ, ನೀರಿಗಲ್ಲ, ಎಣ್ಣೆಗೆ ಅದ್ದಿಸಿ. ನೀರಿನಲ್ಲಿ ಈ ಉಕ್ಕು ಬಿರುಕು ಬಿಡುವ ಭಯ ಇದೆ. ಕೊನೆಗೆ ಒಂದು ಬದಿ ಉಜ್ಜಿ ಹೊಳಪು ಮಾಡಿ, ಒಣಹುಲ್ಲಿನ ಹಳದಿ ಬರುವವರೆಗೆ ಬಿಸಿ ಮಾಡಿಸಿ. ಅದು ಸುಮಾರು 220ರಿಂದ 230 ಡಿಗ್ರಿ.

ಹಳೇ ಪಟ್ಟಿಯಲ್ಲೇ ಕಣ್ಣಿಗೆ ಕಾಣದ ಬಿರುಕು ಇದ್ದಿರಲೂಬಹುದು. ಮುರಿದ ಮುಖದ ಒಂದು ಮೂಲೆಯಲ್ಲಿ ಮಾತ್ರ ತುಕ್ಕಿನ ಕಲೆ ಇದ್ದರೆ ಅದೇ ಕಾರಣ ಇರಬಹುದು, ಹಾಗಿದ್ದರೆ ಕಮ್ಮಾರರ ತಪ್ಪಲ್ಲ.