ಬೆರಳಿಟ್ಟರೆ 72, ಕೈಗೆ ಕಟ್ಟಿದರೆ 110: ಸೆನ್ಸರ್ ಕೆಟ್ಟಿದೆಯಾ?

ಪ್ರಶ್ನೆ: ನಾವು ವಿದ್ಯಾರ್ಥಿಗಳು. ಮೇಕರ್‌ಸ್ಪೇಸ್‌ನಲ್ಲಿ (ಉಪಕರಣ ಹಂಚಿಕೊಂಡು ಸಾಧನ ತಯಾರಿಸುವ ಜಾಗ) ಹೃದಯ ಬಡಿತ ತೋರಿಸುವ ಕೈಪಟ್ಟಿ ಮಾಡುತ್ತಿದ್ದೇವೆ. ಸೆನ್ಸರ್ ಮೇಲೆ ಬೆರಳಿಟ್ಟರೆ 72 ಬರುತ್ತದೆ. ಅದನ್ನೇ ಮಣಿಕಟ್ಟಿಗೆ ಕಟ್ಟಿ ನಡೆದಾಡಿದರೆ 110ರ ಆಸುಪಾಸು. ಬೇರೆ ಸೆನ್ಸರ್ ತರಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಆ 110 ನಿಮ್ಮ ಎದೆಬಡಿತವೇ ಅಲ್ಲದಿರಬಹುದು, ಹೆಜ್ಜೆಗಳ ಲೆಕ್ಕ ಇರಬಹುದು! ಮಾಮೂಲಿ ನಡಿಗೆಯಲ್ಲಿ ನಿಮಿಷಕ್ಕೆ 100ರಿಂದ 120 ಹೆಜ್ಜೆ ಬೀಳುತ್ತದೆ. ಅನುಮಾನ ಇದ್ದರೆ ಎಣಿಸಿ ನೋಡಿ.

ಸೆನ್ಸರ್‌ನ ಕೆಲಸ ಸರಳ. ಎಲ್‌ಇಡಿ ಚರ್ಮದೊಳಗೆ ಬೆಳಕು ಬಿಡುತ್ತದೆ, ಪಕ್ಕದ ಫೋಟೋಡಯೋಡ್ ವಾಪಸ್ ಬಂದಷ್ಟನ್ನು ಅಳೆಯುತ್ತದೆ. ಪ್ರತಿ ಬಡಿತಕ್ಕೂ ರಕ್ತ ನುಗ್ಗಿದಾಗ ಆ ಬೆಳಕು ಚೂರು ಕಮ್ಮಿಯಾಗುತ್ತದೆ. ಚೂರು ಅಂದರೆ ನಿಜಕ್ಕೂ ಚೂರೇ. ಬೆರಳಲ್ಲೇ ಒಟ್ಟು ಬೆಳಕಿನ ಶೇ 1-2ರಷ್ಟು, ಮಣಿಕಟ್ಟಿನಲ್ಲಿ ಇನ್ನೂ ಕಡಿಮೆ. ಪಟ್ಟಿ ಕೂದಲೆಳೆಯಷ್ಟು ಜಾರಿದರೂ ಅದಕ್ಕಿಂತ ಜಾಸ್ತಿ ಏರುಪೇರಾಗುತ್ತದೆ. ಕೈ ಬೀಸಿದಾಗ ರಕ್ತವೂ ಅಲುಗುತ್ತದೆ. ಈ ಗದ್ದಲದಲ್ಲಿ ಯಾವುದು ಬಲವಾಗಿ ಕಾಣುತ್ತದೋ ಅದನ್ನೇ ನಿಮ್ಮ ಕೋಡ್ ಬಡಿತ ಅಂದುಕೊಳ್ಳುತ್ತದೆ. ಪಾಪ, ಅದಕ್ಕೇನು ಗೊತ್ತು?

ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಎಲ್ಲರೂ ಕೋಡ್‌ಗೆ ಕೈ ಹಾಕುತ್ತಾರೆ. ನಾನಾಗಿದ್ದರೆ ಮೊದಲು ಪಟ್ಟಿ ಬಿಚ್ಚಿ ನೋಡುತ್ತೇನೆ. ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದ ಗಟ್ಟಿ ಪೆಟ್ಟಿಗೆ ಚರ್ಮದ ಮೇಲೆ ಸಪಾಟಾಗಿ ಕೂರುವುದಿಲ್ಲ, ಒಂದು ಅಂಚು ಎದ್ದೇ ಇರುತ್ತದೆ. ಅಲ್ಲಿಂದ ಕೋಣೆಯ ಬೆಳಕು ನುಸುಳುತ್ತದೆ. ಟಿಪಿಯುನಂಥ ಬಾಗುವ ಪ್ಲಾಸ್ಟಿಕ್ ಬಳಸಿ, ಸೆನ್ಸರ್ ಸುತ್ತ ಮೆತ್ತನೆಯ ಕಪ್ಪು ಫೋಮ್ ಅಂಟಿಸಿ. ಎಲ್‌ಇಡಿ, ಫೋಟೋಡಯೋಡ್ ಬೇರೆ ಬೇರೆಯಾಗಿ ತಂದು ಹಾಕಿದ್ದರೆ ಅವೆರಡರ ನಡುವೆ ಒಂದು ಕಪ್ಪು ಅಡ್ಡಗೋಡೆ ಬೇಕೇ ಬೇಕು. ಇಲ್ಲದಿದ್ದರೆ ಬೆಳಕು ಚರ್ಮವನ್ನು ಮುಟ್ಟದೆ ನೇರವಾಗಿ ಡಯೋಡ್‌ಗೆ ಹೋಗುತ್ತದೆ. ಹಾಗಂತ ಸಿಕ್ಕಾಪಟ್ಟೆ ಬಿಗಿಯಬೇಡಿ. ರಕ್ತನಾಳ ಅಮುಕಿ ಹೋದರೆ ಇದ್ದಬದ್ದ ಸಿಗ್ನಲ್ಲೂ ಮಾಯ.

ಆಮೇಲೆ ಒಂದು ಆಕ್ಸೆಲೆರೋಮೀಟರ್ ಸೇರಿಸಿ. ಕೈ ಎಷ್ಟು ವೇಗದಲ್ಲಿ ಬೀಸುತ್ತಿದೆ ಅಂತ ಅದು ಹೇಳುತ್ತದೆ, ಆ ಲಯವನ್ನು ಸಿಗ್ನಲ್‌ನಿಂದ ಕಳೆಯಬಹುದು. ಕೈ ಕುಲುಕಾಡುವಾಗ ಸುಮ್ನೆ ಏನೋ ಒಂದು ಅಂಕಿ ತೋರಿಸುವ ಬದಲು ಖಾಲಿ ಗೆರೆ ತೋರಿಸಿದರೂ ಸಾಕು. ತಪ್ಪು ಅಂಕಿಗಿಂತ ಅದೇ ಮೇಲು, ಅಲ್ವಾ?

ಇಷ್ಟಾದರೂ ಸರಿಹೋಗದಿದ್ದರೆ ಸೆನ್ಸರ್ ಬದಲಿಸುವ ಮಾತು. ಮ್ಯಾಕ್ಸ್30102ರಂಥವು ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕಿನವು, ಬೆರಳಿಗೆ ಚೆನ್ನಾಗಿ ಹೊಂದುತ್ತವೆ. ಸ್ಮಾರ್ಟ್‌ವಾಚ್‌ಗಳಲ್ಲಿ ಸಾಮಾನ್ಯವಾಗಿ ಹಸಿರು ಬೆಳಕು ಇರುತ್ತದೆ. ರಕ್ತದ ಹಿಮೋಗ್ಲೋಬಿನ್ ಅದನ್ನು ಚೆನ್ನಾಗಿ ಹೀರುತ್ತದೆ, ಬೆಳಕು ಆಳಕ್ಕೂ ಇಳಿಯುವುದಿಲ್ಲ, ಹಾಗಾಗಿ ಅಲುಗಾಟದ ಗದ್ದಲ ಕಮ್ಮಿ. ಆದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಹಸಿರನ್ನು ಹೀರುತ್ತದೆ. ಹಾಗಾಗಿ ಒಬ್ಬರ ಕೈಯಲ್ಲಿ ಸರಿ ಬಂತು ಅಂತ ನಿಲ್ಲಿಸಬೇಡಿ. ಬೇರೆ ಬೇರೆ ಮೈಬಣ್ಣದವರಿಗೆ ಕಟ್ಟಿ, ಪ್ರತಿ ಸಲವೂ ಬೆರಳಿಗೆ ಹಾಕುವ ಆಕ್ಸಿಮೀಟರ್ ಜೊತೆ ಹೋಲಿಸಿ.

ಪರೀಕ್ಷೆ ಮಾಡುವಾಗ ಬ್ಯಾಟರಿಯಲ್ಲೇ ಓಡಿಸಿ. ಕೈಯಲ್ಲಿರುವಾಗ ಲಿಥಿಯಂ ಬ್ಯಾಟರಿ ಚಾರ್ಜ್‌ಗೆ ಹಾಕಲೇಬೇಡಿ.