ಡ್ರೂಪಲ್‌ನಲ್ಲಿ ‘ಇಲ್ಲ’ ಎನ್ನುವುದು ಹೇಗೆ: ಎಕ್ಸೆಪ್ಷನ್ ಟಿಪ್ಪಣಿ

ಬದಿಯಡ್ಕದಲ್ಲಿ ನಾವು ನಾಲ್ವರು ಯಕ್ಷಗಾನ ಪ್ರಸಂಗಗಳ ಸಣ್ಣ ಜಾಲತಾಣವೊಂದನ್ನು ಕಟ್ಟುತ್ತಾ, ತಾಣ ಕಟ್ಟುವ ತಂತ್ರಾಂಶವಾದ ಡ್ರೂಪಲ್ ಕಲಿಯುತ್ತಿದ್ದೇವೆ. ಈ ವಾರದ ಪಾಠ ಶುರುವಾದದ್ದು ನನ್ನ ತಪ್ಪಿನಿಂದಲೇ.

ಪ್ರಸಂಗದ ಸಂಖ್ಯೆ ಕೊಟ್ಟರೆ ಪುಟ ತೋರಿಸುವ ಕಂಟ್ರೋಲರ್ (ಕೋರಿಕೆಗೆ ಉತ್ತರ ಸಿದ್ಧಪಡಿಸುವ ಕೋಡ್) ಬರೆದಿದ್ದೆ. ಆ ಸಂಖ್ಯೆ ಇಲ್ಲದಿದ್ದರೆ ‘ಈ ಪ್ರಸಂಗ ನಮ್ಮಲ್ಲಿಲ್ಲ’ ಎಂಬ ಸಾಲನ್ನು, ಪುಟದಲ್ಲಿ ಏನು ತೋರಿಸಬೇಕೆಂದು ಹೇಳುವ ರೆಂಡರ್ ಅರೇಯಲ್ಲಿಟ್ಟು ರಿಟರ್ನ್ ಮಾಡಿದ್ದೆ. ಬ್ರೌಸರಿನಲ್ಲಿ ಚೆನ್ನಾಗಿಯೇ ಕಂಡಿತು. ಸರ್ವರಿನ ಉತ್ತರವನ್ನು ಹಾಗೆಯೇ ತೋರಿಸುವ ಕರ್ಲ್ ಎಂಬ ಸಾಧನದಲ್ಲಿ ಹೆಡರ್ ನೋಡಿದರೆ ಮೊದಲ ಸಾಲಿನಲ್ಲೇ 200, ಅಂದರೆ ‘ಪುಟ ಸಿಕ್ಕಿದೆ’ ಎಂಬ ಸ್ಟೇಟಸ್ ಸಂಖ್ಯೆ! ಓದುವವರಿಗೆ ‘ಇಲ್ಲ’, ಸರ್ಚ್ ಎಂಜಿನ್ನಿಗೆ ‘ಇದೆ’. ‘ಪುಟ ಇಲ್ಲ’ ಎನ್ನುವ ಸ್ಟೇಟಸ್ ಸಂಖ್ಯೆ 404; ಅದಿಲ್ಲದ ಇಂಥ ‘ಇಲ್ಲ’ವನ್ನು ಸಾಫ್ಟ್ 404 ಅನ್ನುತ್ತಾರೆ.

ಇಲ್ಲಿ ಮಾಡಬೇಕಾದದ್ದು ನಾಟ್‌ಫೌಂಡ್ ಎಚ್‌ಟಿಟಿಪಿ ಎಕ್ಸೆಪ್ಷನ್ ಥ್ರೋ ಮಾಡುವುದು, ಅಷ್ಟೇ. ಎಕ್ಸೆಪ್ಷನ್ ಎಂದರೆ ಕೆಲಸ ಅಲ್ಲೇ ನಿಲ್ಲಿಸಿ ‘ಹೀಗಾಯಿತು’ ಎಂದು ಮೇಲಿನ ಕೋಡಿಗೆ ಎಸೆಯುವ ಸೂಚನೆ. 2015ರಲ್ಲಿ ಬಂದ ಡ್ರೂಪಲ್ 8ರಿಂದ ಒಳಗಿರುವುದು ಸಿಂಫನಿ ಎಂಬ ಪಿಎಚ್‌ಪಿ ಚೌಕಟ್ಟಿನ ಕರ್ನಲ್, ಅಂದರೆ ಪ್ರತಿ ಕೋರಿಕೆಗೆ ಉತ್ತರ ಕೊಡಿಸುವ ಕೇಂದ್ರಭಾಗ. ಅದು ಎಕ್ಸೆಪ್ಷನ್ ಹಿಡಿದು ಒಂದು ಇವೆಂಟ್ ಹೊರಡಿಸುತ್ತದೆ. ಆ ಇವೆಂಟಿಗಾಗಿ ಕಾದಿರುವ ಕೋಡ್ ತುಣುಕುಗಳಾದ ಸಬ್‌ಸ್ಕ್ರೈಬರ್‌ಗಳು ಪ್ರಯಾರಿಟಿ ಪ್ರಕಾರ ಒಬ್ಬೊಬ್ಬರಾಗಿ ಅದನ್ನು ನೋಡುತ್ತಾರೆ. ಒಬ್ಬರು ರೆಸ್ಪಾನ್ಸ್ ಇಟ್ಟರೆ ಮುಗಿಯಿತು, ಉಳಿದವರಿಗೆ ಸರದಿಯಿಲ್ಲ. ಎಚ್‌ಟಿಎಂಎಲ್ ಕೇಳಿದವರಿಗೆ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನಾವು ಸೂಚಿಸಿದ 404 ಪುಟ ಸಬ್‌ರಿಕ್ವೆಸ್ಟ್ (ಡ್ರೂಪಲ್ ತನ್ನೊಳಗೇ ಮಾಡಿಕೊಳ್ಳುವ ಇನ್ನೊಂದು ಕೋರಿಕೆ) ಮೂಲಕ ತಯಾರಾಗುತ್ತದೆ, ಸ್ಟೇಟಸ್ ಮಾತ್ರ 404 ಆಗಿಯೇ ಉಳಿಯುತ್ತದೆ. ಪ್ರೋಗ್ರಾಮ್‌ಗಳು ಓದುವ ಜೇಸನ್ ರೂಪ ಕೇಳಿದವರಿಗೆ ಜೇಸನ್. ಆ 404 ಪುಟ ಮಾಮೂಲಿ ನೋಡ್ (ಡ್ರೂಪಲ್‌ನಲ್ಲಿ ಬರೆದಿಡುವ ಸಾಮಾನ್ಯ ಬರಹ) ಆದ್ದರಿಂದ ಮಲಯಾಳದಲ್ಲೂ ಬರೆದಿಟ್ಟಿದ್ದೇವೆ. ಕಾಸರಗೋಡಿನಲ್ಲಿ ಅದಿಲ್ಲದೆ ಆಗುವುದಿಲ್ಲ.

ನೋಡಲು ಅನುಮತಿ ಇಲ್ಲದಿದ್ದರೆ ಆಕ್ಸೆಸ್ ಡಿನೈಡ್ ಎಕ್ಸೆಪ್ಷನ್, ಅಂದರೆ 403. ಆದರೆ 403 ಕೊಟ್ಟರೆ ‘ಒಳಗೆ ಏನೋ ಇದೆ’ ಎಂದು ಒಪ್ಪಿಕೊಂಡ ಹಾಗೆ. ಅದೂ ಗೊತ್ತಾಗಬಾರದೆಂದರೆ 404 ವಾಸಿ. ಎಚ್‌ಟಿಟಿಪಿ ಕುಲಕ್ಕೆ ಸೇರದ ಬೇರೆ ಎಕ್ಸೆಪ್ಷನ್‌ಗಳು 500, ಅಂದರೆ ಸರ್ವರ್ ದೋಷ, ಆಗುತ್ತವೆ. ಲೈವ್ ತಾಣದಲ್ಲಿ ಎರರ್ ವಿವರ ಮುಚ್ಚಿಡಿ, ಲಾಗ್‌ನಲ್ಲಿ ಓದಿ.

ಇನ್ನೊಂದು ಎಡವಟ್ಟು ಗೆಳೆಯನದು. ಯಾವ ಎಕ್ಸೆಪ್ಷನ್ ಬಂದರೂ ಹಿಡಿಯುವ ಟ್ರೈ-ಕ್ಯಾಚ್ ಒಂದನ್ನು ಇಡೀ ಕಂಟ್ರೋಲರಿಗೆ ಸುತ್ತಿದ್ದ. ನಾನು ಎಸೆದ 404 ಕರ್ನಲ್ ತಲುಪುವ ಮೊದಲೇ ಅವನ ಬಲೆಗೆ ಬಿತ್ತು! ಅರ್ಧ ದಿನ ಹುಡುಕಿದೆವು. ಸರಿಪಡಿಸಬಲ್ಲದ್ದನ್ನಷ್ಟೇ ಹಿಡಿಯಿರಿ, ಉಳಿದದ್ದನ್ನು ಹೋಗಲು ಬಿಡಿ.

ಕ್ಯಾಶ್ (ಒಮ್ಮೆ ಕೊಟ್ಟ ಉತ್ತರವನ್ನು ಮತ್ತೆ ಕೊಡಲು ಎತ್ತಿಡುವ ಜಾಗ) ವಿಷಯ ನನಗೆ ತಡವಾಗಿ ಹೊಳೆಯಿತು. ಲಾಗಿನ್ ಆಗದವರಿಗೆ ಕೊಟ್ಟ 404 ಕೂಡ ಪೇಜ್ ಕ್ಯಾಶ್‌ನಲ್ಲಿ ಕೂರುತ್ತದೆ, ನಾವು ಬದಲಿಸದಿದ್ದರೆ 3600 ಸೆಕೆಂಡು. ಹೊಸ ನೋಡ್ ಸೇವ್ ಮಾಡಿದಾಗ ಇಂಥ ಉತ್ತರಗಳಿಗೆ ಅಂಟಿಸಿರುವ ‘4ಎಕ್ಸ್‌ಎಕ್ಸ್-ರೆಸ್ಪಾನ್ಸ್’ ಎಂಬ ಟ್ಯಾಗನ್ನು ಡ್ರೂಪಲ್ ತಾನೇ ಇನ್‌ವ್ಯಾಲಿಡೇಟ್ (ಅಸಿಂಧು) ಮಾಡುವುದರಿಂದ ಹಳೆಯ ‘ಇಲ್ಲ’ ಹೊರಟುಹೋಗುತ್ತದೆ. ನಮ್ಮ ಪ್ರಸಂಗಗಳು ನೋಡ್‌ಗಳಲ್ಲ, ಸ್ವಂತ ಟೇಬಲ್‌ನಲ್ಲಿವೆ. ಹಾಗಾಗಿ ಆ ಟ್ಯಾಗನ್ನು ನಾವೇ ಇನ್‌ವ್ಯಾಲಿಡೇಟ್ ಮಾಡಬೇಕು. ನಿನ್ನೆ ರಾತ್ರಿ ಆ ಒಂದು ಸಾಲು ಸೇರಿಸಿದೆ.